ಎರವಲಕ್ಕನ ಏಣಿ

ಎರವಲಕ್ಕನ ನಿಜವಾದ ಹೆಸರೇನೆಂದು ಕೇಳಿದರೆ ಆ ಬೀದಿಯ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಸುತ್ತಿಗೆ, ಟಾರ್ಚು, ಕತ್ತರಿ, ದೊಡ್ಡ ಪಾತ್ರೆ, ಏನು ಬೇಕಾದರೂ ಅವಳು ತಟ್ಟುವುದು ಅಕ್ಕಪಕ್ಕದ ಬಾಗಿಲನ್ನೇ. ಅದರಲ್ಲೂ ಏಣಿ! ಎದುರುಮನೆ ಟೈಲರಮ್ಮನ ಏಣಿ ಟೈಲರಮ್ಮನ ಮನೆಯಲ್ಲಿದ್ದುದಕ್ಕಿಂತ ಇವಳ ಗೋಡೆಗೆ ಒರಗಿದ್ದೇ ಹೆಚ್ಚು. ನಾಚಿಕೆ ತಡೆಯಲಾರದೆ ಮಗ ಮಡಚುವ ಹೊಸ ಏಣಿಯೊಂದನ್ನು ತಂದುಕೊಟ್ಟ. "ಭೇಷಾಗಿದೆ ಕಣೋ" ಎಂದು ಹೊಗಳಿ ಅದನ್ನು ಮಂಚದ ಕೆಳಗೆ ತಳ್ಳಿದಳು. ಮಾರನೆಯ ದಿನ ಬಲ್ಬು ಹೋಯಿತು. ಎರವಲಕ್ಕ ಸೀದಾ ಎದುರುಮನೆಗೆ ನಡೆದಳು.

ನಗುವವರು ನಗಲಿ. ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ತೀರಿಕೊಂಡ ಮೇಲೆ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಾಗ ಅವಳೂ ಮಹಾ ಬಿಗುಮಾನದವಳೇ. ಮೊದಲ ದಿನ ರೋಗಿಗಳ ಹಾಸಿಗೆಯ ಅಗಲವಾದ ಹೊದಿಕೆಗಳನ್ನು ಒಬ್ಬಳೇ ಮಡಚಲು ಹೋದಳು. ಒಂದು ಅಂಚು ಗದ್ದದ ಕೆಳಗೆ, ಇನ್ನೊಂದು ಮಂಡಿಯ ನಡುವೆ. ಮಡಚಿದ್ದೆಲ್ಲ ಸೊಟ್ಟ, ಅರ್ಧ ನೆಲದ ಪಾಲು. ಉಳಿದ ಹೆಂಗಸರು ಎದುರುಬದುರು ನಿಂತು, ತುದಿ ಹಿಡಿದು ಎಳೆದು, ಹತ್ತಿರ ಬಂದು ಕೈಗೆ ಕೈ ಸೇರಿಸಿ ಸರಸರನೆ ಮುಗಿಸುತ್ತಿದ್ದರು. ಮೇಲ್ವಿಚಾರಣೆಯ ಹೆಂಗಸು ನೋಡುವಷ್ಟು ನೋಡಿ ಸಿಡುಕಿದಳು: "ಆ ತುದಿ ಹಿಡ್ಕೊಳೇ ಅಂತ ಒಂದು ಮಾತು ಹೇಳೋಕೆ ಏನು ಧಾಡಿ ನಿಂಗೆ? ಬಾಯಿ ಬಿಟ್ರೆ ಮುತ್ತು ಉದುರುತ್ತಾ?"

ಅಂದು ಬಿಟ್ಟ ಬಾಯಿಯನ್ನು ಅವಳು ಮತ್ತೆ ಮುಚ್ಚಲಿಲ್ಲ. ಈ ಬೀದಿಗೆ ಬಂದು ಮೊದಲು ತಟ್ಟಿದ್ದು ಟೈಲರಮ್ಮನ ಬಾಗಿಲು. ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ, ಯಾರೊಂದಿಗೂ ಮಾತಿಲ್ಲ. ಗೊಣಗುತ್ತಲೇ ಏಣಿ ಕೊಟ್ಟಳು. ಎರವಲಕ್ಕ ಬೇಕೆಂದೇ ಅದನ್ನು ವಾಪಸು ಕೊಡಲಿಲ್ಲ! ಕೇಳಲು ಟೈಲರಮ್ಮ ತಾನೇ ಬರಬೇಕಾಯಿತು. ಬಂದವಳನ್ನು ಇವಳು ಕೂರಿಸಿದಳು, ಕೂತವಳು ಕತ್ತಲಾಗುವ ತನಕ ಮಾತಾಡಿದಳು. ಮುಂದೊಮ್ಮೆ ಹೊಲಿಗೆ ಮೆಷಿನ್ನಿನ ಸೂಜಿ ಬೆರಳಿಗೆ ಹೊಕ್ಕಾಗ ಟೈಲರಮ್ಮ ಕೂಗಿದ್ದು ಇವಳನ್ನೇ. ಮಹಡಿ ಮೇಲಿನ ನರ್ಸಮ್ಮನ ಸ್ನೇಹವಾದದ್ದು ಟಾರ್ಚಿನ ನೆಪದಿಂದ. ಎರವಲಕ್ಕ ಪಾಳಿಗೆ ಹೋದಾಗ ಮಗ ಬೆಳೆದದ್ದು ಈ ಇಬ್ಬರ ಮಡಿಲಲ್ಲಿ.

ಇಂಥವಳಿಗೆ ಸಿಕ್ಕ ಸೊಸೆಯನ್ನು ನೋಡಿ! "ಬೇಡ, ನಾನೇ ಮಾಡ್ಕೋತೀನಿ" ಬಿಟ್ಟರೆ ಆ ಹುಡುಗಿಗೆ ಬೇರೆ ಮಾತೇ ಬಾರದು. ಟೈಲರಮ್ಮ ಅವಳ ಮಗುವಿಗೆ ಅಂಗಿ ಹೊಲಿಯುತ್ತೇನೆಂದರೂ ಬೇಡ, ನರ್ಸಮ್ಮ ಮಗುವನ್ನೆತ್ತಿಕೊಳ್ಳಲು ಬಂದರೂ ಬೇಡ. ಆದರೆ ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಲಾರಿ ಓಡಿಸುವ ಗಂಡನಿಂದಲೇ ಸ್ಟೀರಿಂಗ್ ಹಿಡಿಯುವುದನ್ನು ಕಲಿತು, ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿ, ಓಡಿಸಿ ತೋರಿಸುವ ಕೊನೆಯ ಪರೀಕ್ಷೆಯವರೆಗೂ ಬಂದಿದ್ದಳು. ಎರವಲಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಪರೀಕ್ಷೆಯ ಹಿಂದಿನ ದಿನವೇ ಎರವಲಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಳ್ಳಬೇಕೇ? ಸೊಸೆ ಒಬ್ಬಳೇ ಮಗುವನ್ನೂ ಅತ್ತೆಯನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಟೈಲರಮ್ಮ ಓಡಿಬಂದು "ಏನಾದ್ರೂ ಬೇಕೇನಮ್ಮ?" ಎಂದರೆ ಅದೇ ಹಳೆಯ ಉತ್ತರ: "ಬೇಡ, ನಾನೇ ನೋಡ್ಕೋತೀನಿ." ಮಗನೋ ಲಾರಿಯೊಂದಿಗೆ ಎಲ್ಲೋ ದೂರದಲ್ಲಿದ್ದ.

"ಹೋಗ್ಲಿ ಬಿಡಿ ಅತ್ತೆ. ನಾಳೆ ಹೋಗೋದಿಲ್ಲ. ನಿಮ್ಮನ್ನ, ಮಗೂನ ಯಾರು ನೋಡ್ಕೋತಾರೆ?"

"ಇನ್ನೊಂದು ಸಲ ಕರೀತಾರೇನೇ?"

ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಟೈಲರಮ್ಮನ್ನ ಕೇಳು."

"ನಾನ್ಹೇಗೆ ಕೇಳಲಿ? ನೀವೇ ಒಂದು ಫೋನ್ ಮಾಡಿ."

ಎರವಲಕ್ಕ ಫೋನು ಕೈಗೆತ್ತಿಕೊಂಡಳು. ಒಂದು ಮಾತು ಹೇಳಿದರೆ ಸಾಕು, ಅರ್ಧ ಬೀದಿ ಮನೆಯೊಳಗೆ ಬರುತ್ತಿತ್ತು. ಆದರೆ ಬರುವುದು ತನಗಾಗಿ. ತಾನು ಕಣ್ಣು ಮುಚ್ಚಿದ ಮೇಲೆ ಈ ಹುಡುಗಿಗೆ ಯಾರು? ಫೋನನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟಳು.

"ನನ್ನ ಓಲೆ, ಬಳೆ ನಿನಗೇ ಬರುತ್ತೆ, ತಗೋ. ಗೆಳತಿಯರನ್ನ ಹಾಗೆ ಕೊಡೋಕಾಗಲ್ಲ ತಾಯಿ. ನೀನೇ ಹೋಗಿ ಕೇಳು."

ಸೊಸೆ ಹೊಸ್ತಿಲ ತನಕ ಹೋದಳು, ಹಿಂದಕ್ಕೆ ಬಂದಳು, ಮಗುವಿನ ಮೂಗು ಒರೆಸಿ ಎತ್ತಿಕೊಂಡಳು, ಮತ್ತೆ ಹೋದಳು. ಎರವಲಕ್ಕ ಮಂಚದ ಪಕ್ಕದ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಬಸ್ಸನ್ನೇ ತಿರುಗಿಸುವ ಹುಡುಗಿಗೆ ಅಷ್ಟಗಲದ ಬೀದಿ ದಾಟುವುದು ಎಷ್ಟು ಕಷ್ಟವಾಯಿತು! ಕೊನೆಗೂ ಬಾಗಿಲು ತಟ್ಟಿದಳು.

"ಅಮ್ಮಾ... ನಾಳೆ ನನಗೆ ಬಸ್ ಪರೀಕ್ಷೆ. ಅತ್ತೇನ, ಮಗೂನ ಸ್ವಲ್ಪ ನೋಡ್ಕೋತೀರಾ? ನನಗೆ ಬೇರೆ ಯಾರೂ ಇಲ್ಲ."

ಟೈಲರಮ್ಮನ ದನಿ ಬೀದಿಗೆಲ್ಲ ಕೇಳಿಸಿತು. "ಯಾರೂ ಇಲ್ವಂತೆ! ನಾನೇನು ಇಷ್ಟು ದಿನ ನಿನ್ನ ಕಣ್ಣಿಗೆ ಗೋಡೆ ಥರ ಕಾಣ್ತಿದ್ನಾ? ಕೊಡು ಮಗೂನ ಇಲ್ಲಿ. ಏ ನರ್ಸಮ್ಮಾ, ಕೆಳಗೆ ಬಾರೇ, ಇವಳು ಬಾಯಿ ಬಿಟ್ಟಳು!"

ಕಿಟಕಿಯ ಹಿಂದೆ ಎರವಲಕ್ಕನ ಕಣ್ಣು ತುಂಬಿ ಬಂತು. ಮುರಿದ ಕಾಲಿನ ನೋವಿಗೆ ಬರದ ನೀರು ಈಗ ಬಂದಿತ್ತು.

ಸೊಸೆ ಪಾಸಾದಳು. ಈಗ ಬೀದಿಯ ತುದಿಯಲ್ಲಿ ಬಸ್ಸು ಬಂದು ನಿಂತರೆ ಟೈಲರಮ್ಮ ಗ್ರಾಹಕರನ್ನೂ ಬಿಟ್ಟು ಹೊರಗೆ ಬಂದು, "ಡ್ರೈವರ್ ನೋಡಿದ್ರಾ? ನಮ್ಮ ಹುಡುಗಿ!" ಎಂದು ಸಿಕ್ಕಸಿಕ್ಕವರಿಗೆ ತೋರಿಸುತ್ತಾಳೆ. ನನ್ನ ಸೊಸೆ ಎನ್ನುವ ಅವಕಾಶವನ್ನೇ ಎರವಲಕ್ಕನಿಗೆ ಕೊಡುವುದಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ರಜೆಯ ದಿನ ಕಿಟಕಿ ಪರದೆಯ ಸರಳು ಕಳಚಿ ಬಿತ್ತು. ಸೊಸೆ ಬಗ್ಗಿ ಮಂಚದ ಕೆಳಗಿಂದ ಏಣಿ ಎಳೆದಳು. ಎಳೆದವಳು ಅರೆಗಳಿಗೆ ನಿಂತು, ಅದನ್ನು ಕಾಲಿನಿಂದ ಮತ್ತೆ ಒಳಕ್ಕೆ ತಳ್ಳಿದಳು.

"ಅತ್ತೆ, ಟೈಲರಮ್ಮನ ಹತ್ರ ಏಣಿ ಇಸ್ಕೊಂಡು ಬರ್ತೀನಿ."

ತಂದಳು, ಸರಳು ಸಿಕ್ಕಿಸಿದಳು, ಏಣಿಯನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂತಳು. ವಾಪಸು ಕೊಡುವ ಮಾತನ್ನು ಅತ್ತೆಯೂ ಎತ್ತಲಿಲ್ಲ. ಸಂಜೆ ಟೈಲರಮ್ಮ ಕೇಳಲು ಬರುತ್ತಾಳೆಂದು ಎರವಲಕ್ಕ ಕಾಫಿಗೆ ಇನ್ನೊಂದು ಲೋಟ ತೊಳೆದಿಟ್ಟಳು.