ಹದಿನೇಳನೇ ಕಟ್ಟೆಗೆ ಮೂರು ಹೊತ್ತು

ಹರಿಹರದ ಮುಬಶ್ಶಿರಾ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. "ಅದನ್ನ ಓದಿ ಏನ್ ಮಾಡ್ತೀಯವ್ವ?" ಎಂದು ಕೇಳದ ನೆಂಟರು ಒಬ್ಬರೂ ಇರಲಿಲ್ಲ. ಅವಳು ನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದಳು. ಆ ವಿಷಯ ಆರಿಸಿಕೊಳ್ಳುವ ಮಕ್ಕಳು ಕಡಿಮೆಯಾದ ಹಾಗೆ ಕಾಲೇಜಿಗೆ ಅತಿಥಿಯೂ ಬೇಡವಾದಳು. ಆಮೇಲೆ ಸಿಕ್ಕಿದ್ದು ಒಂದು ಸಮೀಕ್ಷೆ ಕಂಪನಿಯ ಕೆಲಸ. ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರಬೇಕು, ಬೀದಿ ಸುತ್ತಬೇಕು, ಟ್ಯಾಬಿನಲ್ಲಿ ಅರವತ್ತು ಜನರ ವಿವರ ತುಂಬಬೇಕು.

ಅಲ್ಲಿನ ನಿಟ್ಟುವಳ್ಳಿಯ ಒಂದು ಬೀದಿ ಸ್ಮಾರ್ಟ್ ಆಗುವುದರಲ್ಲಿತ್ತು. ಗುಡಿಯ ಗೋಡೆಗುಂಟ ಕೂತು ಮಾರುವವರಿಗೆ ನೆರಳಿನ ನಲವತ್ತು ಸಿಮೆಂಟ್ ಕಟ್ಟೆ ಬರುತ್ತವೆ, ಕಟ್ಟೆಗೊಂದು ನಂಬರು, ಒಂದು ಹೆಸರು, ಒಂದು ಕಾರ್ಡು ಎಂದು ಎಲ್ಲವೂ ಅಚ್ಚುಕಟ್ಟಾಗಿ ಯೋಜನೆಯಾಗಿತ್ತು. ಮುಬಶ್ಶಿರಾ ಹನ್ನೊಂದಕ್ಕೆ ಹೋಗಿ, ಕೂತಿದ್ದವರ ಫೋಟೊ ಹೊಡೆದು, ಹೆಸರು ತುಂಬಿಕೊಂಡು ಒಂದೂವರೆಗೆಲ್ಲ ಮುಗಿಸಿದಳು. ಹದಿನೇಳನೇ ಜಾಗದಲ್ಲಿ ನಿರ್ಮಲಮ್ಮ ಹೂ ಕಟ್ಟುತ್ತಿದ್ದಳು. "ಈ ಜಾಗ ನಿಮ್ದೇನ್ರಿ?" ಎಂದರೆ "ಹೌದವ್ವ, ನಂದೇ" ಎಂದಳು. ಆ್ಯಪು ಹಸಿರು ಗುರುತು ತೋರಿಸಿತು.

ತಿಂಗಳಾದ ಮೇಲೆ ಪಟ್ಟಿ ಅಂಟಿಸಿದರು. ಮರುದಿನ ಬೆಳಗ್ಗೆ ಅದೇ ಬೀದಿಯಲ್ಲಿ ಹೋಗುತ್ತಿದ್ದ ಮುಬಶ್ಶಿರಾಳ ಸೆರಗನ್ನು ಮುದುಕಿಯೊಬ್ಬಳು ಹಿಡಿದು ನಿಲ್ಲಿಸಿದಳು. ಮಾಯಕೊಂಡದಿಂದ ಮೊದಲ ಬಸ್ಸಿಗೆ ಸೊಪ್ಪು ತರುವ ಚೌಡವ್ವ ಅವಳು, ಹದಿನಾಲ್ಕು ವರ್ಷದಿಂದ ಅಲ್ಲೇ ಕೂತವಳು.

"ಬರಕೊಂಡು ಹೋದಾಕಿ ನೀನೇ ಏನವ್ವ? ಹದಿನೇಳಕ್ಕೆ ನಿರ್ಮಲವ್ವನ ಹೆಸರೊಂದೇ ಐತಂತೆ. ನಾನು ಎಲ್ಲಿ ಕೂಡ್ಲಿ?"

ಆಗ ತಿಳಿದದ್ದು ಇಷ್ಟು. ಬೆಳಕು ಹರಿದಾಗಿನಿಂದ ಹತ್ತೂವರೆ ತನಕ ಆ ಜಾಗ ಚೌಡವ್ವನದು. ಆಮೇಲೆ ನಾಲ್ಕರ ತನಕ ನಿರ್ಮಲಮ್ಮನ ಹೂವು. ಸಂಜೆಗೆ ಖತೀಜಾಬೀಯ ಒಲೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಏಳುವವರು ಕಸ ಗುಡಿಸಿ ನೀರು ಚಿಮುಕಿಸಿ ಏಳಬೇಕು, ಅದೊಂದೇ ಕರಾರು. ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಡುವ ಅಗತ್ಯ ಅವರಿಗೇನಿತ್ತು, ಮೂವರೂ ಬದುಕಿಯೇ ಇದ್ದರಲ್ಲ! ಆದರೆ ಇನ್ನು ಮುಂದೆ ಕಾರ್ಡಿಲ್ಲದವರು ಕಟ್ಟೆ ಹತ್ತಿದರೆ ಎಬ್ಬಿಸುತ್ತಾರೆ.

ಮುಬಶ್ಶಿರಾಳಿಗೆ ನಾಚಿಕೆಯಾಯಿತು. ಗೊತ್ತಿಲ್ಲದೆ ಮಾಡಿದ್ದರೆ ಅಷ್ಟು ಆಗುತ್ತಿರಲಿಲ್ಲ. ಒಂದು ಬೀದಿಯನ್ನು ತಿಳಿಯಬೇಕಾದರೆ ಬೆಳಗಿನಿಂದ ಸಂಜೆ ತನಕ ಅಲ್ಲಿ ಕೂರಬೇಕು, ಕೇಳುವುದಕ್ಕಿಂತ ಮೊದಲು ನೋಡಬೇಕು ಎಂದು ನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದವಳೇ ಅವಳು. ಅರವತ್ತು ಫಾರ್ಮಿನ ಗಡಿಬಿಡಿಯಲ್ಲಿ ಅದನ್ನು ತಾನೇ ಗಾಳಿಗೆ ತೂರಿದ್ದಳು.

ಮೂರು ದಿನ ರಜೆ ಹಾಕಿದಳು. ಹರಿಹರದಿಂದ ಮೊದಲ ಬಸ್ಸು ಹಿಡಿದು ಬಂದು ಗೋಡೆಗುಂಟ ಕೂತಳು. ಟ್ಯಾಬ್ ಮನೆಯಲ್ಲಿತ್ತು, ಕೈಯಲ್ಲಿ ನೋಟ್‌ಬುಕ್ ಇತ್ತು. ಮೊದಲ ದಿನ ಜನ ಗುಮಾನಿಯಿಂದ ನೋಡಿದರು, ಎರಡನೇ ದಿನ ಚಹಾ ಕೊಟ್ಟರು, ಮೂರನೇ ದಿನ ಸೊಪ್ಪಿನ ಬುಟ್ಟಿ ಅವಳ ಕಾವಲಿಗೆ ಬಿಟ್ಟು ಹೋದರು. ನಲವತ್ತು ಜಾಗದಲ್ಲಿ ಇಪ್ಪತ್ತಾರನ್ನು ಹೀಗೇ ಹೊತ್ತು ಹಂಚಿಕೊಂಡಿದ್ದರು. ಕೂತು ಬದುಕುವವರು ನಲವತ್ತಲ್ಲ, ಎಂಬತ್ಮೂರು ಜನ.

ಕಂಪನಿಯ ಮೇಲ್ವಿಚಾರಕ ಬಸವಕಿರಣ್ ಕೆಟ್ಟವನಲ್ಲ, ಅವಸರದವನು. "ಮೇಡಂ, ಆ್ಯಪಲ್ಲಿ ಇರೋದು ಒಂದೇ ಹೆಸರಿನ ಕಾಲಂ. ಮೂರು ಹೆಂಗೆ ತುರುಕ್ಲಿ? ಸರ್ವೆ ತಪ್ಪು ಅಂದ್ರೆ ಆ ಸರ್ವೆ ಯಾರದು ಅಂತಾರೆ, ಅದನ್ನ ನೋಡ್ಕೊಳ್ರಿ."

"ನಂದು ಅಂತ ಬರೀತೀನ್ರಿ" ಎಂದಳು ಮುಬಶ್ಶಿರಾ. ಪಾಲಿಕೆಗೆ ಬರೆದೂ ಕೊಟ್ಟಳು.

ಪಾಲಿಕೆಯಲ್ಲಿ ಸಭೆ ನಡೆಯಿತು, ಮಾರುವವರನ್ನೂ ಕರೆಸಿದ್ದರು. ಅಧಿಕಾರಿ ಅವಳ ನಾಲ್ಕು ಪುಟ ಓದಿ ಕನ್ನಡಕ ತೆಗೆದರು. "ಮೊದಲು ಒಂದು ಹೇಳಿದ್ರಿ, ಈಗ ಇನ್ನೊಂದು ಹೇಳ್ತೀರಿ. ಯಾವುದನ್ನ ನಂಬ್ಲಿ?" ಎಂದರು. ಅವಳು ನೋಟ್‌ಬುಕ್ ಎತ್ತಿ ತೋರಿಸಿದಳು. ಅವರು ನಿರ್ಮಲಮ್ಮನ ಕಡೆ ತಿರುಗಿದರು. ಕಾರ್ಡು ಬಂದಿದ್ದು ನಿರ್ಮಲಮ್ಮನಿಗೆ. ಬಾಯಿ ಮುಚ್ಚಿಕೊಂಡು ಕೂತರೆ ಇಡೀ ದಿನ ಕಟ್ಟೆ ಅವಳದೇ.

"ಜಾಗ ನಂದೇ ಅಂತ ಅವತ್ತು ನೀವೇ ಹೇಳಿದ್ರಂತಲ್ಲಮ್ಮ?"

"ಹೇಳಿದ್ದೆ ಸಾಹೇಬ್ರ. ಹನ್ನೊಂದಕ್ಕೆ ಬಂದು ಕೇಳಿದ್ರು, ಆಗ ನಂದೇ ಆಗಿತ್ತಲ್ರಿ!" ನಿರ್ಮಲಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಉಳಿದ ಹೊತ್ತು ನನಗ್ಯಾಕ್ರಿ? ಅವರಿಬ್ಬರ ಹೆಸರೂ ಹಾಕ್ರಿ. ಇಲ್ಲಾಂದ್ರೆ ಇದು ನನಗೂ ಬ್ಯಾಡ."

ಸಭೆಯಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ನೋಟ್‌ಬುಕ್ಕನ್ನು ಕೇಳಿ ಇಸಿದುಕೊಂಡು ಕಡೇ ಪುಟದ ತನಕ ಓದಿದರು.

ಹೊಸ ಪಟ್ಟಿಯಲ್ಲಿ ಹೆಸರಿನ ಪಕ್ಕ ಹೊತ್ತಿನ ಕಾಲಂ ಬಂತು, ಎಂಬತ್ಮೂರು ಹೆಸರೂ ಬಂದವು. ಅದೇ ವಾರ ಮುಬಶ್ಶಿರಾಳ ಲಾಗಿನ್ ಬಂದ್ ಆಯಿತು. ಅವಳಿಂದ ಕೆಲಸ ತಡವಾಗುತ್ತದೆ ಎಂದು ಕಂಪನಿ ಕಾರಣ ಕೊಟ್ಟಿತ್ತು. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಎರಡು ದಿನ ಹೊರಗೆ ಹೊರಡಲೇ ಇಲ್ಲ. ಮೂರನೇ ಬೆಳಗ್ಗೆ ಅಭ್ಯಾಸಬಲದಿಂದ ಬಸ್ಸು ಹತ್ತಿ ನಿಟ್ಟುವಳ್ಳಿಗೆ ಬಂದಳು.

ಅಷ್ಟರಲ್ಲಿ ಎದ್ದಿದ್ದ ಹೊಸ ಕಟ್ಟೆಯ ಮೇಲೆ ಚೌಡವ್ವ ಮೆಂತ್ಯ ಸೊಪ್ಪಿನ ಸಿವುಡು ಜೋಡಿಸುತ್ತಿದ್ದಳು. ಪಟ್ಟಿಯನ್ನು ಯಾರಿಂದಲೋ ಎರಡೆರಡು ಸಲ ಓದಿಸಿ ಕೇಳಿದ್ದಳು.

"ನಮ್ಮೆಲ್ಲರ ಹೆಸರೂ ಬಂತು. ನಿಂದು ಎಲ್ಲೈತವ್ವ?"

"ಬರೆದೋರ ಹೆಸರು ಅದ್ರಾಗ ಇರಲ್ಲ ಚೌಡವ್ವ. ಈಗ ಆ ಕೆಲಸನೂ ಇಲ್ಲ."

ಚೌಡವ್ವ ಅವಳ ಮುಖವನ್ನೇ ನೋಡಿದಳು. "ಹಂಗಾರೆ ನಿನ್ನ ಹೊತ್ತು ಯಾವುದು?"

ಮುಬಶ್ಶಿರಾಳ ಕಣ್ಣು ತುಂಬಿಕೊಂಡವು. ಚೌಡವ್ವ ಬುಟ್ಟಿಯನ್ನು ಒಂದು ಗೇಣು ಆಚೆ ಸರಿಸಿದಳು.

"ಬಾ, ಕೂಡು. ಹತ್ತೂವರೆ ತನಕ ಇದು ನಂದು, ಯಾರೂ ಕೇಳಂಗಿಲ್ಲ."