ಪುರಂದರನ ಪಾಯಿಂಟು ಪುಸ್ತಕ

ಪುರಂದರ ಉಕ್ಕಿನ ಸಲಾಕೆಯ ತಲೆಗೆ ಮೂರನೇ ಏಟು ಹಾಕಿದ್ದೇ ತಡ, ತಮಿಳುನಾಡಿನ ವೆಳ್ಳಕೋಯಿಲಿನ ಆ ಒಣ ಹೊಲದಿಂದ ನೀರು ಆಳೆತ್ತರ ಚಿಮ್ಮಿತು. ಅಂತರ್ಜಲವಲ್ಲ, ಪಕ್ಕದ ತೋಟದವರು ಹೊಲದಡಿಯಿಂದ ಒಯ್ದಿದ್ದ ಪೈಪು. ಮಿಷಿನ್ನಿನಿಂದ ನೆಲಕ್ಕೆ ಕರೆಂಟು ಹರಿಸಿ ನೀರಿನ ಸೆಲೆ ಹುಡುಕುವುದನ್ನು ಕಲಿಯಲು ಬಂದಿದ್ದ ಹನ್ನೆರಡು ಮಂದಿ ಎಂ.ಎಸ್ಸಿ. ವಿದ್ಯಾರ್ಥಿಗಳು ತೊಯ್ದು ತೊಪ್ಪೆಯಾದರು. ಸ್ನಾತಕೋತ್ತರದಲ್ಲಿ ಸ್ನಾನವೂ ಇದೆ, ಉತ್ತರವೂ ಇದೆ. ಸ್ನಾನ ಮುಗಿಯಿತು.

"ಏನುಂಗ ಸಾರ್, ಅರೈ ಅಡಿಯಲೇ ತಣ್ಣಿ ವಂದಿರುಚ್ಚೇ! ಬೋರ್ ವಂಡಿ ಎದುಕ್ಕು?" ಎಂದ ಹೊಲದ ಯಜಮಾನ ಅಯ್ಯಾಸಾಮಿ. ಅರ್ಧ ಅಡಿಗೇ ನೀರು ಬಂದಮೇಲೆ ಬೋರ್ ಲಾರಿ ಯಾಕೆ ಎಂಬುದು ಯಾವ ಪಠ್ಯದಲ್ಲೂ ಇಲ್ಲದ ಪ್ರಶ್ನೆ.

ವನಮಾಲಾ ಕನ್ನಡಕ ಒರೆಸಿಕೊಂಡಳು. "ಪರವಾಯಿಲ್ಲೆ ಪುರಂದರಾ. ಮಿಷಿನ್ ನೆನೀಲಿಲ್ಲ ಅಲ್ವಾ?"

ವನಮಾಲಾ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗದ ಮುಖ್ಯಸ್ಥೆ. ಓದು ಮುಗಿದ ಕೂಡಲೇ ಕಂಪನಿ ಕೆಲಸಕ್ಕೆ ಒದಗುವಂಥ ಎರಡು ವರ್ಷದ ಕೋರ್ಸು ಅಲ್ಲಿ ಈ ವರ್ಷ ಶುರುವಾಗಿದೆ. ಅದಕ್ಕೆ ಹೊಲ ತಿರುಗಿ ಪಳಗಿದ ಮೇಷ್ಟ್ರೊಬ್ಬರು ಬೇಕಿತ್ತು. ಆ ದಿನದ ಪ್ರಾತ್ಯಕ್ಷಿಕೆಯೇ ಪುರಂದರನಿಗೆ ಪರೀಕ್ಷೆ. ಪಾಸಾಗುವ ನಂಬಿಕೆಯಿಂದ ಅವನು ಗಾಂಧಿಪುರಂ ಪೇಟೆಯಲ್ಲಿ ಎರಡು ಹೊಸ ಶರ್ಟು ಕೊಂಡಿದ್ದ.

ಇಬ್ಬರೂ ಕೊಯಮತ್ತೂರಿನದೇ ಸಿಂಗಾನಲ್ಲೂರಿನ ಕನ್ನಡದ ಮನೆಗಳಲ್ಲಿ ಹುಟ್ಟಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಓದಿದವರು. ಇಪ್ಪತ್ತೈದು ವರ್ಷದ ಹಿಂದೆ ಅವರ ಪ್ರೊಫೆಸರು ಸಂಶೋಧನೆಗೆ ಇದ್ದ ಒಂದೇ ಸೀಟನ್ನು ಮೊದಲು ಕೊಟ್ಟದ್ದು ಪುರಂದರನಿಗೆ. "ಕಲ್ಲಿನ ವಯಸ್ಸು ಕಂಡುಹಿಡಿಯೋದ್ರೊಳಗೆ ನನ್ನ ವಯಸ್ಸು ಮುಗಿದುಹೋಗತ್ತೆ ಸಾರ್" ಎಂದು ಅವನು ನಗಿಸಿ ಹೊರಬಂದ. ಸೀಟು ವನಮಾಲಾಗೆ ಹೋಯಿತು. ಅವನು ಮಿಷಿನ್ ಕೊಂಡು ಬೋರ್‌ವೆಲ್ಲಿಗೆ ಪಾಯಿಂಟು ಇಡತೊಡಗಿದ, ಅಂದರೆ ಎಲ್ಲಿ ಕೊರೆಯಬೇಕೆಂದು ಜಾಗ ಗುರುತಿಸತೊಡಗಿದ. ಆ ಮಾತಿಗೆ ಅಂದು ಎಲ್ಲರೂ ನಕ್ಕಿದ್ದರು. ಈಗ ನೆನೆದರೆ ಅವನಿಗೇ ನಗು ಬರುವುದಿಲ್ಲ.

ಈ ಸೀಮೆಯಲ್ಲಿ ಪಾಯಿಂಟಿನ ಪದ್ಧತಿಯೇ ಬೇರೆ. ಮಿಷಿನ್ ತೋರಿಸಿದ ಜಾಗಕ್ಕೆ ಕಲ್ಲು ಇಡುತ್ತಾರೆ. ಮರುದಿನ ತೆಂಗಿನಕಾಯಿಯವನು ಬರುತ್ತಾನೆ. ಅಂಗೈ ಮೇಲೆ ಮಲಗಿಸಿದ ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಕಲ್ಲು ಅಲ್ಲಿಗೆ ಜರಗುತ್ತದೆ. ನೀರು ಬಂದರೆ ಕಾಯಿಯ ಮಹಿಮೆ, ಬರದಿದ್ದರೆ ಮಿಷಿನ್ನಿನ ದೋಷ. ಪದವಿ ಪಡೆದವನು ಕಾಯಬೇಕು, ಪದವಿ ಕಾಯಿಯದು.

ಪುರಂದರನ ಮೊದಲ ಪಾಯಿಂಟು ಬೆಳ್ಳಿಯಮ್ಮ ಎಂಬ ಮುದುಕಿಯ ತೋಟದಲ್ಲಿ. ಅವಳು ಕಾಯಿಯವನನ್ನು ಕರೆಸಲಿಲ್ಲ. "ಓದಿದ ಹುಡುಗ, ನೀನು ಹೇಳಿದ್ರೆ ಸಾಕು ಕಣ್ಣು" ಎಂದಳು, ಮಗುವನ್ನು ಕರೆಯುವ ತಮಿಳಿನ ಮುದ್ದುಮಾತಿನಲ್ಲಿ. ಅವನು ಮುನ್ನೂರು ಅಡಿಗೆ ನೀರು ಎಂದ. ಏಳುನೂರು ಅಡಿ ಕೊರೆದರೂ ಬಿಳಿ ಧೂಳೇ ಬಂತು. ಅವಳು ಬೈಯಲಿಲ್ಲ. ಬಿಸಿಲಲ್ಲಿ ನಿಂತಿದ್ದಾನೆಂದು ಲೋಟ ತುಂಬ ಮಜ್ಜಿಗೆ ಕೊಟ್ಟಳು. ಆ ಮಜ್ಜಿಗೆ ಅವನಿಗೆ ಇಂದಿಗೂ ಅರಗಿಲ್ಲ.

ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಪಾಠ ಮುಂದುವರಿಯಿತು. ಒದ್ದೆ ಬಟ್ಟೆಯಲ್ಲೇ ಪುರಂದರ ಅದ್ಭುತವಾಗಿ ಕಲಿಸಿದ. ನೆಲ ಎಲ್ಲಿ ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಎಲ್ಲಿ ತಡೆಯುತ್ತದೆ, ಬಂಡೆಯ ಬಿರುಕನ್ನು ಅಂಕಿಯಲ್ಲಿ ಹೇಗೆ ಓದಬೇಕು ಎಲ್ಲವನ್ನೂ ಕಥೆಯಂತೆ ಹೇಳಿದ. ಕೊನೆಗೆ ಚೀಲದಿಂದ ಕಂದು ರಟ್ಟಿನ ದಪ್ಪ ಪುಸ್ತಕ ತೆಗೆದ. ಸಾವಿರದ ನೂರ ನಲವತ್ತು ಪಾಯಿಂಟು. ಊರು, ಕಲ್ಲಿನ ಜಾತಿ, ಹೇಳಿದ ಆಳ, ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ.

ವನಮಾಲಾ ಪುಟ ಮುಟ್ಟಿ ನೋಡಿದಳು. "ನನ್ನ ಇಡೀ ಸಂಶೋಧನೇಲಿ ನಲವತ್ತು ಪಾಯಿಂಟ್ ಇಲ್ಲ ಕಣೋ. ಇದನ್ನೇ ನಮ್ಮ ಕೋರ್ಸಿಗೆ ಪುಸ್ತಕ ಮಾಡೋಣ. ನೀನು ಕಂಡಿಪ್ಪಾ ಬರಬೇಕು, ಖಂಡಿತ."

ಪುರಂದರನ ಕಣ್ಣು ತುಂಬಿತು, ಪೈಪಿನ ನೀರಲ್ಲ.

ದಾವಣಗೆರೆಯಿಂದ ಓದಲು ಬಂದಿದ್ದ ಪ್ರೇರಣಾ ಪುಸ್ತಕದ ಮೇಲೆ ಬಗ್ಗಿದಳು. "ಸರ್, ಕೊನೇ ಕಾಲಂ, 'ನೀರು ಬಂದ ಆಳ', ಎಲ್ಲಾ ಪುಟದಲ್ಲೂ ಖಾಲಿ ಇದೆಯಲ್ಲ? ಇಷ್ಟರಲ್ಲಿ ನೀರು ಬಂದದ್ದು ಎಷ್ಟು?"

ವನಮಾಲಾ ಪುಟ ತಿರುವಿದಳು. ಇನ್ನೊಂದು ತಿರುವಿದಳು. ಆಮೇಲೆ ಅವನ ಮುಖ ನೋಡಿದಳು.

"ಗೊತ್ತಿಲ್ಲಮ್ಮಾ" ಎಂದ ಪುರಂದರ. "ಮೊದಲನೇದಕ್ಕೆ ಹೋಗಿದ್ದೆ. ಆಮೇಲೆ ಯಾವುದಕ್ಕೂ ತಿರುಗಿ ಹೋಗಿ ನೋಡ್ಲೇ ಇಲ್ಲ."