ಬಗ್ಗಡಕ್ಕೆ ಬಂದ ನೋಟೀಸು

ನಮ್ಮತ್ತೆ ಒಬ್ಬ ಉದ್ಯಮಿ ಎಂಬುದು ನಮ್ಮ ಮನೆಯವರಿಗೆ ಗೊತ್ತಾದದ್ದು ರಿಜಿಸ್ಟರ್ಡ್ ಅಂಚೆಯಿಂದ. ಪೋಸ್ಟ್‌ಮನ್ನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಉದ್ಯಮದ ಮಾಲೀಕರು' ಅಂತಿದೆ, ಇದು ನಿಮ್ಮನೆಯದೇ ತಾನೆ ಎಂದು ಅನುಮಾನದಿಂದ ಕೇಳಿದ. ಕೆಳಗೆ ಅತ್ತೆಯ ಹೆಸರೇ ಇತ್ತು. ಅತ್ತೆ ಆಗ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ಹೆಬ್ಬೆಟ್ಟು ಒತ್ತಿ ಲಕೋಟೆ ತೆಗೆದುಕೊಂಡರು.

ನಾನು ಪಿಯುಸಿವರೆಗೆ ಓದಿದವಳು, ಆದ್ದರಿಂದ ಮನೆಗೆ ಬರುವ ಕಾಗದಗಳನ್ನೆಲ್ಲ ಓದುವ ಕೆಲಸ ನನ್ನದೇ. ಜಗಲಿಯ ಮೇಲೆ ಕೂತು ಓದಿದೆ. ನಿಮ್ಮ ಹೈನು ಉದ್ಯಮದಿಂದ ಹೊರಬರುವ ತ್ಯಾಜ್ಯಜಲವನ್ನು ಸಂಸ್ಕರಿಸದೆ ಚರಂಡಿಯ ಮೂಲಕ ಕೆರೆಗೆ ಬಿಡುತ್ತಿರುವುದಾಗಿ ಗ್ರಾಮಸ್ಥರಿಂದ ದೂರು ಬಂದಿದೆ, ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕು ಎಂದು ಅದರಲ್ಲಿತ್ತು. ಅತ್ತೆ ಎಲ್ಲವನ್ನೂ ಗಮನವಿಟ್ಟು ಕೇಳಿ, ತ್ಯಾಜ್ಯಜಲ ಅಂದರೆ ಏನು ಎಂದರು. ಬಗ್ಗಡ ಅಂದೆ. ಕೊಟ್ಟಿಗೆ ತೊಳೆದ ಸಗಣಿ, ಗಂಜಲದ ನೀರಿಗೆ ನಮ್ಮ ಕಡೆ ಬೇರೆ ಹೆಸರೇ ಇಲ್ಲ.

"ಬಗ್ಗಡಕ್ಕ ಇಷ್ಟು ಚಂದದ ಎಸ್ರು ಮಡಗವ್ರ?" ಅಂದರು ಅತ್ತೆ. ಹೆದರಿಕೆಗಿಂತ ಅವರ ದನಿಯಲ್ಲಿ ಹೆಮ್ಮೆಯೇ ಹೆಚ್ಚಾಗಿತ್ತು.

ನಮ್ಮೂರು ಬೇಗೂರಿನಿಂದ ಒಳಗೆ ಇದೆ. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿ ಇದ್ದದ್ದು ಎರಡು ಹಸು. ನನ್ನ ಗಂಡ ಗುಂಡ್ಲುಪೇಟೆಯಿಂದ ಬಸ್ಸು ಓಡಿಸುತ್ತಾರೆ. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ಇರುವುದಿಲ್ಲ. ಅತ್ತೆಗೂ ನನಗೂ ಬೇರೆ ಯಾವ ವಿಷಯದಲ್ಲೂ ಒಮ್ಮತವಿರಲಿಲ್ಲ, ಹಸುಗಳ ವಿಷಯದಲ್ಲಿ ಇತ್ತು. ಹಾಗಾಗಿ ಎರಡು ನಾಲ್ಕಾಗಿ, ನಾಲ್ಕು ಒಂಬತ್ತಾಗಿ, ಹೊಸ ಕೊಟ್ಟಿಗೆ ಕಟ್ಟುವ ಹೊತ್ತಿಗೆ ಇಪ್ಪತ್ತೆರಡಾದವು. ಇಪ್ಪತ್ತೆರಡು ಸೀಮೆ ಹಸು ದಿನಕ್ಕೆರಡು ಸಲ ತೊಳೆಸಿಕೊಂಡರೆ ಎಷ್ಟು ನೀರು ಹೊರಗೆ ಹೋಗುತ್ತದೆ ಎಂದು ನಾವಿಬ್ಬರೂ ಯೋಚಿಸಿದವರಲ್ಲ. ನೀರು ಚರಂಡಿಗೆ ಬೀಳುತ್ತಿತ್ತು. ಚರಂಡಿ ನಮ್ಮ ದಾಯಾದಿ ಭಾವನ ಮನೆ ಮುಂದೆ ಹಾಯ್ದು, ಹಿಂದಿನ ಅವರ ಬಾಳೆ ತೋಟದ ಅಂಚಿನಲ್ಲೇ ಸಾಗಿ, ಕೊನೆಗೆ ಕೆರೆ ಸೇರುತ್ತಿತ್ತು. ಆಮೇಲಿನದು ಕೆರೆಯ ಪಾಡು.

ದೂರು ಕೊಟ್ಟವರು ಯಾರು ಎಂದು ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಅತ್ತೆ ಊರಿನ ಅರ್ಧ ಜನರ ಮೇಲೆ ಅನುಮಾನಪಟ್ಟರು. ಭಾವ ಬಂದು ಜಗಲಿಯ ಮೇಲೆ ಕೂತು, ನೋಟೀಸನ್ನು ತಾವೂ ಒಂದು ಸಲ ಓದಿ, ಕಾಲ ಕೆಟ್ಟೋಯ್ತು ಎಂದು ತಲೆಯಾಡಿಸಿ, ಕಾಫಿ ಕುಡಿದು ಹೋದರು.

ನಾನು ಚಾಮರಾಜನಗರದ ಮಾಲಿನ್ಯದ ಆಫೀಸಿಗೆ ಹೋದೆ. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ನನಗಿಂತ ಚಿಕ್ಕವಳು, ಧಾರವಾಡದ ಕಡೆಯ ಹುಡುಗಿ. ನನ್ನನ್ನು ಕೂರಿಸಿ, ನಿಧಾನವಾಗಿ ವಿವರಿಸಿದಳು. ಇಷ್ಟು ಹಸುಗಳಿದ್ದ ಮೇಲೆ ಅದು ಮನೆಯ ಕೊಟ್ಟಿಗೆಯಲ್ಲ, ಉದ್ಯಮ. ಅನುಮತಿ ಬೇಕು. ಬಗ್ಗಡ ಚರಂಡಿಗೂ ಹೋಗಬಾರದು, ಕೆರೆಗೂ ಹೋಗಬಾರದು. ಗುಂಡಿಯಲ್ಲಿ ನಿಲ್ಲಿಸಿ, ತಿಳಿಯಾದದ್ದನ್ನು ಹೊಲಕ್ಕೆ ಬಿಡಬಹುದು. ಇದೆಲ್ಲ ಹೇಳಿ ಒಂದು ಅರ್ಜಿ ಕೊಟ್ಟಳು.

ಅರ್ಜಿಯನ್ನು ಯಾವುದೋ ದೊಡ್ಡ ಕಾರ್ಖಾನೆಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ್ದರು. ಕಚ್ಚಾ ವಸ್ತು ಯಾವುದು ಎಂದಿತ್ತು. ಸೀಮೆ ಹುಲ್ಲು, ಬೂಸ, ಹಿಂಡಿ ಎಂದು ಬರೆದೆ. ಉತ್ಪನ್ನ: ಹಾಲು. ಉಪ ಉತ್ಪನ್ನ: ಸಗಣಿ, ಕರು. ಎಷ್ಟು ಪಾಳಿಯಲ್ಲಿ ಕೆಲಸ ಎಂಬಲ್ಲಿ ಎರಡು ಎಂದು ಹಾಕಿದೆ, ಬೆಳಗ್ಗೆ ಕರೆಯುವುದು, ಸಂಜೆ ಕರೆಯುವುದು. ಕಾರ್ಮಿಕರ ಸಂಖ್ಯೆಯ ಹತ್ತಿರ ಬಂದು ನಿಂತೆ. ಅತ್ತೆ ಒಬ್ಬರು, ನಾನೊಬ್ಬಳು. ಗಂಡನನ್ನು ಸೇರಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಪಕ್ಕದ ಬೆಂಚಿನಲ್ಲಿದ್ದ ಗುಂಡ್ಲುಪೇಟೆಯ ಸಾಹೇಬರೊಬ್ಬರು, ಮೊದಲು ಪೆನ್ಸಿಲಿನಲ್ಲಿ ಬರೆಯಿರಿ ಅಕ್ಕ ಎಂದರು. ಅವರದು ಕೋಳಿ ಫಾರಂ, ಅರ್ಜಿ ಹಿಡಿದು ಬಂದಿದ್ದು ಮೂರನೆಯ ಸಲ. ಶಬ್ದ ಮಾಲಿನ್ಯದ ಮೂಲ ಯಾವುದು ಎಂಬಲ್ಲಿ ಅವರು ಏನು ಬರೆದಿದ್ದಾರೆ ಎಂದು ಕೇಳಿದೆ. 'ಹುಂಜ ಇಲ್ಲ' ಎಂದು ಬರೆದಿದ್ದರು. ಅದನ್ನು ನೋಡಿ ಧೈರ್ಯ ಬಂತು. ನಾನೂ ಗಂಡನನ್ನು ಕೈಬಿಟ್ಟು ಎರಡು ಎಂದೇ ಬರೆದೆ.

ಮುಂದಿನ ವಾರ ಅಧಿಕಾರಿ ಕೊಟ್ಟಿಗೆ ನೋಡಲು ಬರುತ್ತಾಳೆ ಎಂದು ಗೊತ್ತಾಯಿತು. ಅತ್ತೆ ಹಬ್ಬದಂತೆ ತಯಾರಾದರು. ಅಂಗಳ ಸಾರಿಸಿ ರಂಗೋಲಿ ಹಾಕಿದರು, ಹಸುಗಳ ಹಣೆಗೆ ಕುಂಕುಮ ಇಟ್ಟರು. ನಾನು ಒಳಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಹೊರಗೆ ಪೊರಕೆಯ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಅದು ಯಾವುದನ್ನು ಉಜ್ಜುವ ಸದ್ದು ಎಂದು ಎದ್ದು ನೋಡದೆ ಇದ್ದದ್ದು ನನ್ನ ತಪ್ಪು.

ಅಧಿಕಾರಿ ಬಂದವಳು ಹಸುಗಳನ್ನು ಎಣಿಸಿದಳು, ಬರೆದುಕೊಂಡಳು, ಆಮೇಲೆ ಒಂದು ಬಾಟಲಿ ತೆಗೆದು ಕೊಟ್ಟಿಗೆಯ ನೀರು ಚರಂಡಿಗೆ ಬೀಳುವ ಜಾಗದಲ್ಲಿ ಬಗ್ಗಿದಳು. ಅತ್ತೆ ಓಡಿ ಬಂದು ಕೈ ಹಿಡಿದರು.

"ಅದು ಬ್ಯಾಡ ಕಣವ್ವ, ಅದು ಗಲೀಜು. ತಡಿ, ಒಳ್ಳೆ ನೀರ ತಂದ್ಕೊಡ್ತೀನಿ."

"ನನಗ ಗಲೀಜ ಬೇಕ್ರೀ ಅಜ್ಜಿ," ಅಂದಳು ಅವಳು.

ಬಾಟಲಿ ಮುಕ್ಕಾಲು ತುಂಬಿತು, ಉಳಿದ ಕಾಲು ಭಾಗ ನೊರೆ. ಅವಳು ಮುಚ್ಚಳ ಹಾಕಿ ಅಲ್ಲಾಡಿಸಿದಳು. ನೊರೆ ಇನ್ನಷ್ಟು ಎದ್ದಿತು. ಮೂಗಿನ ಹತ್ತಿರ ಹಿಡಿದು ನೋಡಿ, ಹಸುಗಳಿಗೆ ಏನು ತಿನ್ನಿಸುತ್ತೀರಿ ಎಂದು ನನ್ನನ್ನು ಕೇಳಿದಳು. ನಿಂಬೆಹಣ್ಣಿನ ವಾಸನೆ ನನಗೂ ಬಂತು. ಅತ್ತೆ ಬಟ್ಟೆ ಒಗೆಯುವ ಪುಡಿಯ ಒಂದು ಇಡೀ ಪೊಟ್ಟಣವನ್ನು ಸುರಿದು ಚರಂಡಿ ಉಜ್ಜಿದ್ದರು. ಸರ್ಕಾರದವರು ಬರುವಾಗ ಮೋರಿ ನಾರುತ್ತಿದ್ದರೆ ಮನೆತನದ ಮರ್ಯಾದೆ ಏನಾಗಬೇಕು ಎಂಬುದು ಅವರ ವಾದ.

ಅಧಿಕಾರಿ ನಗಲಿಲ್ಲ, ನಗದೇ ಇರಲು ಕಷ್ಟಪಟ್ಟಳು. ಮುಂದಿನ ವಾರ ಇನ್ನೊಮ್ಮೆ ಬರುತ್ತೇನೆ, ದಯವಿಟ್ಟು ಏನೂ ತೊಳೆಯಬೇಡಿ, ದಿನವೂ ಹೇಗಿರುತ್ತದೋ ಹಾಗೇ ಬಿಡಿ ಎಂದಳು. ಆ ವಾರವಿಡೀ ಅತ್ತೆಗೆ ಸಮಾಧಾನವಿರಲಿಲ್ಲ. ನೆಂಟರು ಬರುವಾಗ ಮನೆ ಗಲೀಜಾಗಿರಲಿ ಎಂದು ಅವರು ಹುಟ್ಟಿದಾಗಿನಿಂದ ಯಾರೂ ಅವರಿಗೆ ಹೇಳಿರಲಿಲ್ಲ. ಎರಡನೆಯ ಸಲ ಅಧಿಕಾರಿ ಬಾಟಲಿ ತುಂಬುವಾಗ ಅವರು ನಾಚಿಕೆಯಿಂದ ಹಿತ್ತಲಿಗೆ ಹೋಗಿ ನಿಂತಿದ್ದರು.

ಆದೇಶ ಬಂತು. ಒಂದಕ್ಕೊಂದು ಸೇರಿದ ಮೂರು ಗುಂಡಿ ಕಟ್ಟಬೇಕು, ಒಂದು ಹನಿಯೂ ಜಮೀನಿನಿಂದಾಚೆ ಹೋಗಬಾರದು. ಕಟ್ಟಿದೆವು. ನನ್ನ ಗಂಡ ರಜೆ ಹಾಕಿ ನಿಂತು ಕಟ್ಟಿಸಿದರು. ಮೊದಲ ಗುಂಡಿಯಲ್ಲಿ ಸಗಣಿ ತಳ ಸೇರುತ್ತಿತ್ತು, ಮೂರನೆಯದರಲ್ಲಿ ನೀರು ಸುಮಾರಾಗಿ ತಿಳಿಯಾಗುತ್ತಿತ್ತು. ಅದನ್ನು ಪಂಪಿನಲ್ಲಿ ಎತ್ತಿ ಹಿತ್ತಲಿನ ಸೀಮೆ ಹುಲ್ಲಿಗೆ ಬಿಟ್ಟೆವು. ಹುಲ್ಲು ಆಳೆತ್ತರ ಬೆಳೆಯಿತು. ಎರಡೇ ತಿಂಗಳಿಗೆ ಹಿತ್ತಲು ಕುಡಿದು ಸಾಕಾಗಿ, ಕಾಲಿಟ್ಟಲ್ಲೆಲ್ಲ ಕೆಸರಾಯಿತು. ನೀರು ಜಾಸ್ತಿ, ಜಾಗ ಕಮ್ಮಿ. ನಾನು ಮತ್ತೆ ಚಿಂತೆಗೆ ಬಿದ್ದೆ.

ಅದೇ ಹೊತ್ತಿಗೆ ಭಾವ ಮೇಲಿಂದ ಮೇಲೆ ನಮ್ಮ ಕೊಟ್ಟಿಗೆಯ ಕಡೆ ಬರತೊಡಗಿದರು. ಹಸುಗಳೆಲ್ಲ ಆರೋಗ್ಯವಾ ಎಂದು ಕೇಳಿದರು. ನೀರು ಸರಿಯಾಗಿ ಕುಡಿಯುತ್ತಿವೆಯಾ ಎಂದರು. ಇನ್ನೊಂದು ದಿನ, ಬಿಸಿಲು ಜಾಸ್ತಿ, ದಿನಕ್ಕೆ ಮೂರು ಸಲ ತೊಳೆದರೆ ಹಸುಗಳಿಗೆ ತಂಪು ಎಂದು ಸಲಹೆ ಕೊಟ್ಟರು. ನಮ್ಮ ಹಸುಗಳ ಮೇಲೆ ಅವರಿಗೆ ಇಷ್ಟು ಅಕ್ಕರೆ ಯಾವಾಗ ಬಂತೆಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅವರ ತೋಟದ ಬದಿಯಲ್ಲಿ ನಡೆದು ಬರುವಾಗ ನೋಡಿದೆ. ನೇಂದ್ರ ಬಾಳೆಯ ಎಲೆಗಳು ಹಳದಿಗೆ ತಿರುಗಿದ್ದವು. ಒಣಗಿದ ಚರಂಡಿಯ ಒಂದು ಕಡೆ, ಹುಲ್ಲು ಮುಚ್ಚಿದ ಹಾಗೆ, ಗುದ್ದಲಿಯಲ್ಲಿ ಕಡಿದ ಸಣ್ಣ ಕಾಲುವೆ ಬಾಳೆಯ ಸಾಲಿನವರೆಗೆ ಹೋಗಿತ್ತು. ಎಷ್ಟೋ ವರ್ಷದಿಂದ ನಮ್ಮ ಬಗ್ಗಡದ ಅರ್ಧ ಅವರ ಬಾಳೆಗೆ ಹೋಗುತ್ತಿತ್ತು. ಕೇರಳದ ವ್ಯಾಪಾರಿಗಳು ಅವರ ಗೊನೆಗಳನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಸುಮ್ಮನೆ ಅಲ್ಲ. ಅತ್ತೆಗೆ ಹೇಳಿದರೆ ರಾದ್ಧಾಂತ ಆಗುತ್ತದೆ ಎಂದು ಬಾಯಿ ಬಿಡಲಿಲ್ಲ.

ಗುಂಡಿ ನೋಡಲು ಅಧಿಕಾರಿ ಬಂದ ದಿನ ಭಾವ ಬಿಳಿ ಪಂಚೆ ಉಟ್ಟು, ಮಡಿಚಿದ ಹಾಳೆ ಹಿಡಿದು ಬಂದು ನಿಂತರು. ಅದು ಮನವಿ. ಚರಂಡಿಯಲ್ಲಿ ಬರುತ್ತಿದ್ದ ನೀರು ದಿಢೀರನೆ ನಿಂತು ರೈತರ ಬೆಳೆಗೆ ತೊಂದರೆಯಾಗಿರುವುದರಿಂದ ಮೊದಲಿನಂತೆ ಬಿಡಿಸಿಕೊಡಬೇಕು ಎಂದು ಬರೆದಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಈ ನೀರಿನಲ್ಲಿ ಯಾವುದೇ ದುರ್ವಾಷನೆ ಇರುವುದಿಲ್ಲ ಎಂದೂ ಸೇರಿಸಿದ್ದರು.

ಅಧಿಕಾರಿ ಕಾಗುಣಿತ ತಪ್ಪಿದ ಆ ಪದದ ಮೇಲೆ ಬೆರಳಿಟ್ಟಳು. ನಮ್ಮ ಕಡತ ಅವಳ ತೊಡೆಯ ಮೇಲೇ ಇತ್ತು. ಅದರ ಮೊದಲ ಹಾಳೆ ತೆಗೆದು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ನೋಡಿದಳು. ತೋರಿಸಬಾರದು ಎಂದುಕೊಂಡಿದ್ದಳೋ ಏನೋ, ಆದರೆ ಚಹಾ ಲೋಟ ಹಿಡಿದು ಅವಳ ಹಿಂದೆಯೇ ನಿಂತಿದ್ದ ನನಗೆ ಕಂಡಿತು. ಅದೇ ನೀಲಿ ಶಾಯಿ, ಅದೇ ವಾಲಿದ ಅಕ್ಷರ. 'ತಡೆಯಲಾರದ ದುರ್ವಾಷನೆ' ಎಂದು ಆ ಹಳೆಯ ದೂರಿನಲ್ಲಿತ್ತು. ಕೆಳಗೆ, 'ಗ್ರಾಮಸ್ಥರು.'

ನಾನು ಸುಮ್ಮನಿರಬೇಕೆಂದೇ ಇದ್ದೆ. ಬಾಯಿ ತಾನಾಗಿ, ಭಾವ, ದೂರು ಕೊಟ್ಟ ಗ್ರಾಮಸ್ಥರು ನೀವೇನಾ ಎಂದು ಕೇಳಿಬಿಟ್ಟಿತು.

ಅತ್ತೆ ಕೊಟ್ಟಿಗೆಯಿಂದ ಬಂದರು. ಭಾವ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಅತ್ತೆಯನ್ನು ನೋಡಿದರು. ಸುಳ್ಳು ಹೇಳುವ ಶಕ್ತಿ ಅವರಿಗೆ ಇರಲಿಲ್ಲ. ತಮ್ಮ ಮಗಳನ್ನು ನೋಡಲು ಭೀಮನಬೀಡಿನವರು ಬಂದಿದ್ದ ದಿನ ಹಜಾರದಲ್ಲಿ ಕೂತ ಹುಡುಗನ ಕಡೆಯವರೆಲ್ಲ ಕರ್ಚೀಫು ಮೂಗಿಗೆ ಹಿಡಿದು ಕೇಸರಿಭಾತು ತಿಂದಿದ್ದರಂತೆ. ಹುಡುಗನ ತಾಯಿ ತಟ್ಟೆಯನ್ನು ಮುಟ್ಟಲೂ ಇಲ್ಲವಂತೆ. ಆ ಸಿಟ್ಟಿನಲ್ಲಿ ಅವತ್ತೇ ಬರೆದು ಹಾಕಿದ್ದರು.

"ನಾ ಮುಂದ್ಗಡ ನಿಲ್ಸಿ ಅಂತ ಬರ್ದಿದ್ದು ಚಿಕ್ಕವ್ವ," ಅಂದರು. "ಇಂದ್ಗಡ ನಿಲ್ಸಿ ಅಂತ ಯಾರಂದ್ರು?"

ಅಧಿಕಾರಿ ಎದ್ದು ಮೂರನೆಯ ಗುಂಡಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಅವಳ ಭುಜ ಅಲುಗುತ್ತಿತ್ತು.

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ನಂಗ್ ಬಂದು ಯೋಳಿದ್ರ ಆಗ್ತಿರ್ನಿಲ್ವಲಾ?" ಹೇಳಿದರೆ ನೀವು ಕೇಳುತ್ತಿದ್ದಿರಾ ಎಂದು ಭಾವ ಕೇಳಿದರು.  ಕೇಳುತ್ತಿರಲಿಲ್ಲ ಎಂಬುದು ಅತ್ತೆಗೂ ಗೊತ್ತು, ನನಗೂ ಗೊತ್ತು.

ಅಧಿಕಾರಿ ಮುಖ ಒರೆಸಿಕೊಂಡು ಬಂದು ದಾರಿ ಹೇಳಿದಳು. ಚರಂಡಿಯಲ್ಲಿ ಬಿಡುವ ಮಾತೇ ಇಲ್ಲ. ಆದರೆ ಗುಂಡಿಯಲ್ಲಿ ತಿಳಿಯಾದ ನೀರನ್ನು ನೆಲದೊಳಗೆ ಪೈಪು ಹೂತು ಪಕ್ಕದ ತೋಟಕ್ಕೆ ಕೊಡಬಹುದು, ಅಲ್ಲಿಂದ ಅದು ಕೆರೆಗೆ ಹರಿಯಬಾರದು, ಆ ತೋಟದವರು ತಮಗೆ ನೀರು ಬೇಕೆಂದು ಬರೆದು ಸಹಿ ಹಾಕಬೇಕು. ನಮ್ಮ ಹಿತ್ತಲಿಗೆ ಹೆಚ್ಚಾದದ್ದು ಅವರ ಬಾಳೆಗೆ ಸರಿಹೋಗುತ್ತಿತ್ತು. ಭಾವ ನಮ್ಮ ಜಗಲಿಯ ಮೇಲೆ ಕೂತು ಒಪ್ಪಿಗೆ ಪತ್ರ ಬರೆದರು. ನಾನು ಪಕ್ಕದಲ್ಲಿ ಕೂತು ಕಾಗುಣಿತ ಹೇಳಿಕೊಟ್ಟೆ. ಕೆಳಗೆ ಈ ಸಲ ತಮ್ಮ ಸ್ವಂತ ಹೆಸರನ್ನೇ ಹಾಕಿದರು.

ಅತ್ತೆ ಅವರ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ನೀರು ಮಾತ್ರ ದಿನ ಬಿಟ್ಟು ದಿನ ತಪ್ಪದೆ ಹೋಯಿತು. ವಾಲ್ವು ತಿರುಗಿಸುವ ಕೆಲಸವನ್ನು ಅತ್ತೆ ನನಗೂ ಬಿಡದೆ ತಾವೇ ಇಟ್ಟುಕೊಂಡಿದ್ದರು. ಒಂದು ದಿನ ಭಾವ ಒಂದು ಗೊನೆ ಬಾಳೆ ತಂದು, ಒಳಗೆ ಬರದೆ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಕಾಯಿ ಸಣ್ಣದಾಗಿವೆಯಲ್ಲ, ಇನ್ನೊಂದು ದಿನ ಜಾಸ್ತಿ ಬಿಡಲಾ ಎಂದು ಅತ್ತೆ ಒಳಗಿನಿಂದಲೇ ಕೇಳಿದರು. ಮಾತು ಶುರುವಾದದ್ದು ಹಾಗೆ. ಹುಡುಗಿಯನ್ನು ಭೀಮನಬೀಡಿಗೇ ಕೊಟ್ಟರು. ಹುಡುಗನ ತಾಯಿಗೆ ಕೇಸರಿಭಾತು ಸೇರುವುದಿಲ್ಲವಂತೆ, ವಾಸನೆಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲವಂತೆ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಆ ನೋಟೀಸು ಬಂದಾಗ ನನಗೆ ತುಂಬಾ ಕೋಪ ಬಂದಿತ್ತು. ಊರಲ್ಲಿ ಇಷ್ಟೆಲ್ಲ ಇರುವಾಗ ನಮ್ಮ ಹಸುಗಳೇ ಕಂಡವಾ ಎಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಕಂಬಳಿ ಒಗೆಯಲು ಕೆರೆಗೆ ಹೋಗಿದ್ದೆ. ಚರಂಡಿ ಸೇರುವ ಮೂಲೆಯಲ್ಲಿ ಮೊದಲು ಹಸಿರು ಪಾಚಿ ಕೆನೆಗಟ್ಟಿರುತ್ತಿತ್ತು, ಆ ಕಡೆ ಯಾರೂ ಹೋಗುತ್ತಿರಲಿಲ್ಲ. ನಾನೂ ಅಷ್ಟೆ. ಈಗ ಅಲ್ಲೇ ಇಬ್ಬರು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಪಾತ್ರೆ ಬೆಳಗುತ್ತಿದ್ದರು. ಈ ಮೂಲೆ ಚೊಕ್ಕಟ ಆಗಿದೆ, ಬನ್ನಿ ಎಂದು ಕರೆದರು. ಯಾಕೆ ಚೊಕ್ಕಟವಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಮೊದಲು ಯಾಕೆ ಕೆಟ್ಟಿತ್ತು ಎಂದೂ ಹೇಳಬೇಕಾಗುತ್ತಿತ್ತು. ಸೀರೆ ಎತ್ತಿ ಕಟ್ಟಿಕೊಂಡು ಅವರ ಪಕ್ಕದಲ್ಲೇ ಇಳಿದು ಕಂಬಳಿ ನೆನೆಹಾಕಿದೆ.